ಬೀರುವಿನ ಬೀಗದ ಕೈ

ಪ್ರತಿವರ್ಷ ಜೂನ್‌ನಲ್ಲಿ ಶಾಲೆ ಶುರುವಾಗಿ ಎರಡು ವಾರ ಕಳೆಯುವಷ್ಟರಲ್ಲಿ ಈ ಅಂಕಣದ ವಿಳಾಸಕ್ಕೆ ಒಂದೇ ಬಗೆಯ ಪತ್ರಗಳು ಬರತೊಡಗುತ್ತವೆ. ಊರು ಬೇರೆ, ಕೈಬರಹ ಬೇರೆ, ಸಂಕಟ ಅದೇ. ಈ ಸಲ ಒಬ್ಬ ತಂದೆ ಬರೆದದ್ದು ಹೀಗಿದೆ: 'ಮಗಳು ಒಂಬತ್ತನೇ ಕ್ಲಾಸು. ಸ್ಕೂಲಲ್ಲಿ ಲ್ಯಾಬ್ ಇದೆ, ಬಾಗಿಲ ಮೇಲೆ ಬೋರ್ಡೂ ಇದೆ. ಎಂಟನೇ ಕ್ಲಾಸಿಂದ ಇವತ್ತಿನವರೆಗೆ ಒಂದು ಸಲವೂ ಒಳಗೆ ಕಾಲಿಟ್ಟಿಲ್ಲವಂತೆ. ವಿಜ್ಞಾನದ ಮೇಡಂ ಒಳ್ಳೆಯವರು. ಕೇಳಿದರೆ ಎಚ್‌.ಎಂ. ಹತ್ತಿರ ಮಾತಾಡಿ ಅಂದರು. ಎಚ್‌.ಎಂ. ಹತ್ತಿರ ಏನಂತ ಮಾತಾಡಬೇಕು, ದಯವಿಟ್ಟು ತಿಳಿಸಿ.'

ಈ ಕೊನೆಯ ಸಾಲು ನನ್ನನ್ನು ಬಹಳ ದಿನ ಬಿಡಲಿಲ್ಲ. ವಿಜ್ಞಾನ ಬೋಧನೆ ಸುಧಾರಿಸಬೇಕು ಎಂದಾಗ ನಾವೆಲ್ಲ ಪಠ್ಯಪುಸ್ತಕದ ಬಗ್ಗೆ ಮಾತಾಡುತ್ತೇವೆ, ಶಿಕ್ಷಕರ ತರಬೇತಿಯ ಬಗ್ಗೆ ಮಾತಾಡುತ್ತೇವೆ, ಸರ್ಕಾರದ ಬಗ್ಗೆಯಂತೂ ಆಡಿದ್ದೇ ಆಡುತ್ತೇವೆ. ನಡುವೆ ಕುಳಿತ ಮುಖ್ಯ ಶಿಕ್ಷಕರನ್ನು ಯಾರೂ ಕೇಳುವುದಿಲ್ಲ. ನಾನು ಇಪ್ಪತ್ತೈದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು, ಕೊನೆಯ ಏಳು ವರ್ಷ ಮುಖ್ಯ ಶಿಕ್ಷಕನಾಗಿದ್ದವನು. ಆದ್ದರಿಂದ ಈ ಮಳೆಗಾಲದಲ್ಲಿ ಪರಿಚಯದ ಮುಖ್ಯ ಶಿಕ್ಷಕರನ್ನು ಒಬ್ಬೊಬ್ಬರನ್ನಾಗಿ ಮಾತಿಗೆಳೆದೆ. ಕೆಲವರ ಶಾಲೆಗೇ ಹೋದೆ, ಕೆಲವರ ಜೊತೆ ರಾತ್ರಿ ಫೋನಿನಲ್ಲಿ ಮಾತಾಡಿದೆ. ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಶಾಲೆಯಲ್ಲಿ ವಿಜ್ಞಾನ ಚೆನ್ನಾಗಿ ಕಲಿಸುವಂತಾಗಲು ಏನಾಗಬೇಕು?

ಅವರ ಮಾತಿಗೆ ಬರುವ ಮೊದಲು ನನ್ನದನ್ನು ಹೇಳಿಬಿಡಬೇಕು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಶಾಲೆಯಲ್ಲಿ ಪ್ರಯೋಗದ ಸಾಮಾನೆಲ್ಲ ಹಸಿರು ಬಣ್ಣದ ಒಂದು ಕಬ್ಬಿಣದ ಬೀರುವಿನಲ್ಲಿತ್ತು. ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಡ್ರಾಯರಿನಲ್ಲಿ. ಕೇಳಿದಾಗಲೆಲ್ಲ 'ನಾಳೆ ನೋಡೋಣ' ಎನ್ನುತ್ತಿದ್ದರು. ಆ ನಾಳೆಗಾಗಿ ಕಾದು ಕಾದು ನಾನು ಮನೆಯಿಂದಲೇ ಗಾಜಿನ ಲೋಟ, ಮೇಣದ ಬತ್ತಿ, ಅರಿಶಿನ, ಸೋಪು ಒಯ್ಯಲು ಶುರುಮಾಡಿದೆ. ಮುಂದೆ ಬೇರೊಂದು ಶಾಲೆಯಲ್ಲಿ ನಾನೇ ಮುಖ್ಯ ಶಿಕ್ಷಕನಾದೆ. ಅಧಿಕಾರ ವಹಿಸಿಕೊಂಡ ದಿನ ದಾಸ್ತಾನು ವಹಿಗೆ ಸಹಿ ಹಾಕಿದೆ, ಪ್ರನಾಳಗಳನ್ನು ಎಣಿಸಿದೆ, ಬೀರುವಿಗೆ ಬೀಗ ಹಾಕಿಸಿ ಕೀಲಿಕೈಯನ್ನು ನನ್ನ ಮೇಜಿನ ಡ್ರಾಯರಿನಲ್ಲಿಟ್ಟೆ. ಎರಡು ವರ್ಷ ಅದು ಅಲ್ಲೇ ಇತ್ತು. ಯಾವುದನ್ನು ಬೇರೆಯವರ ದೋಷ ಎಂದು ಅಷ್ಟು ವರ್ಷ ನೊಂದುಕೊಂಡಿದ್ದೆನೋ ಅದನ್ನೇ ನಾನೂ ಮಾಡಿದೆ. ಏಕೆ ಮಾಡಿದೆ ಎಂಬುದು ಗೊತ್ತಿರುವುದರಿಂದಲೇ ಈಗ ಈ ಮುಖ್ಯ ಶಿಕ್ಷಕರ ಮಾತನ್ನು ಸಹನೆಯಿಂದ ಕೇಳಲು ಸಾಧ್ಯವಾಯಿತು.

ಅವರ ಮೊದಲ ಉತ್ತರ ಎಲ್ಲ ಕಡೆಯೂ ಒಂದೇ: ಹುದ್ದೆ ತುಂಬಲಿ, ಕೊಠಡಿ ಕೊಡಲಿ, ಅನುದಾನ ಬರಲಿ. ಇದು ನಿಜವಾದ ಬೇಡಿಕೆ, ಅದನ್ನು ಹಗುರ ಮಾಡುವುದಿಲ್ಲ. ಜುಲೈ ಮುಗಿದರೂ ಅತಿಥಿ ಶಿಕ್ಷಕರು ಸಿಗದ ಶಾಲೆಯಲ್ಲಿ ಪ್ರಯೋಗದ ಮಾತೆತ್ತುವುದೇ ಕಷ್ಟ. ಆದರೆ ಕಾಫಿ ಬಂದು, ಲೋಟ ಖಾಲಿಯಾಗಿ, ಹಳೆಯ ಪರಿಚಯ ನೆನಪಾದ ಮೇಲೆ ಎರಡನೆಯ ಉತ್ತರ ಹೊರಬರುತ್ತದೆ. ಅದರಲ್ಲಿ ದುಡ್ಡಿನ ಮಾತು ಕಡಿಮೆ. ಅಲ್ಲಿ ಇರುವುದು ಸಮಯ, ಭಯ ಮತ್ತು ಎಸ್ಸೆಸ್ಸೆಲ್ಸಿ.

ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಒಂದು ಸಂಗತಿಯನ್ನು ಇಲ್ಲಿ ಬಿಡಿಸಿ ಹೇಳಬೇಕು. ನಮ್ಮ ರಾಜ್ಯದ ಪ್ರೌಢಶಾಲೆಗಳಿಗೆ ವಿಜ್ಞಾನ ಶಿಕ್ಷಕರೆಂದು ನೇಮಕವಾಗುವವರಲ್ಲಿ ಎರಡು ಪಂಗಡ. ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಓದಿದವರು ಪಿಸಿಎಂ. ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ ಓದಿದವರು ಸಿಬಿಝಡ್. ಸಣ್ಣ ಶಾಲೆಗಳಲ್ಲಿ ಸಾಮಾನ್ಯವಾಗಿ ಪಿಸಿಎಂನವರ ಪಾಲಿಗೆ ಗಣಿತ, ಸಿಬಿಝಡ್‌ನವರ ಪಾಲಿಗೆ ಮೂರೂ ತರಗತಿಯ ಇಡೀ ವಿಜ್ಞಾನ. ಅಂದರೆ ಪಿಯುಸಿ ಮುಗಿದ ಮೇಲೆ ಭೌತವಿಜ್ಞಾನದ ಪುಸ್ತಕವನ್ನೇ ಮುಟ್ಟದ ಶಿಕ್ಷಕಿ ಹತ್ತನೇ ತರಗತಿಗೆ ಓಮನ ನಿಯಮ ಕಲಿಸಬೇಕು. ಹೇಳಿಕೊಡುವುದು ಕಷ್ಟವಲ್ಲ, ತಂತಿ ಜೋಡಿಸುವುದು ಕಷ್ಟ. ಅಮ್ಮೀಟರನ್ನು ಸರಣಿಯಲ್ಲೂ ವೋಲ್ಟ್‌ಮೀಟರನ್ನು ಸಮಾಂತರದಲ್ಲೂ ಜೋಡಿಸಬೇಕೆಂದು ಬೋರ್ಡಿನ ಮೇಲೆ ಅಂದವಾಗಿ ಚಿತ್ರ ಬಿಡಿಸಬಹುದು. ಮಕ್ಕಳ ಎದುರು ಜೋಡಿಸುವಾಗ ಅಮ್ಮೀಟರು ಅದಲುಬದಲಾಗಿ ಸಮಾಂತರಕ್ಕೆ ಬಿತ್ತೆಂದರೆ ಮಿತಿಮೀರಿ ವಿದ್ಯುತ್ ಹರಿದು ಅದು ಸುಟ್ಟುಹೋಗಬಹುದು. ಆ ಒಂದು ಹೆದರಿಕೆಗೆ ಇಡೀ ಅಧ್ಯಾಯ ಸುಣ್ಣದಕಡ್ಡಿಯಲ್ಲೇ ಮುಗಿಯುತ್ತದೆ.

ಈ ಗಂಟನ್ನು ಬಿಡಿಸಿದ ಒಬ್ಬ ಮುಖ್ಯ ಶಿಕ್ಷಕರನ್ನು ಕಂಡೆ. ಅವರು ಸ್ವತಃ ಕನ್ನಡ ಪಂಡಿತರು, ವಿಜ್ಞಾನದ ಗಂಧವಿಲ್ಲ ಎಂದು ಅವರೇ ಹೇಳಿಕೊಂಡರು. ಅವರು ಮಾಡಿದ್ದು ಸರಳ. ಬೆಳಕು, ವಿದ್ಯುತ್ತು, ಕಾಂತತ್ವದ ಪಾಠಗಳನ್ನು ಗಣಿತದ ಮೇಷ್ಟ್ರಿಗೆ ಕೊಟ್ಟರು. ಅದಕ್ಕೆ ಬದಲಾಗಿ ಎಂಟನೇ ತರಗತಿಯ ಗಣಿತವನ್ನು ಅಷ್ಟು ವಾರ ಸಿಬಿಝಡ್ ಶಿಕ್ಷಕಿ ತೆಗೆದುಕೊಂಡರು. 'ಇಬ್ಬರನ್ನೂ ಕೂರಿಸಿ, ನಿಮಗೆ ಯಾವುದು ಕೈಗೆ ಹತ್ತುತ್ತೆ, ಯಾವುದು ಹತ್ತಲ್ಲ ಅಂತ ಕೇಳಿದೆ ಸಾರ್. ಅಷ್ಟು ವರ್ಷದಲ್ಲಿ ಅದನ್ನು ಯಾರೂ ಅವರನ್ನ ಕೇಳಿರಲಿಲ್ಲ' ಎಂದರು. ವೇಳಾಪಟ್ಟಿ ಎನ್ನುವುದು ಮುಖ್ಯ ಶಿಕ್ಷಕರ ಕೈಯಲ್ಲಿರುವ ಅತಿ ದೊಡ್ಡ ಅಧಿಕಾರ ಎಂದು ನನಗೆ ಆಗ ಅನ್ನಿಸಿತು. ಅದಕ್ಕೆ ಯಾರ ಮಂಜೂರಾತಿಯೂ ಬೇಡ.

ಸಮಯದ ಮಾತೂ ವೇಳಾಪಟ್ಟಿಗೇ ಬಂದು ನಿಲ್ಲುತ್ತದೆ. ಪೀರಿಯಡ್ಡು ನಲವತ್ತು ನಿಮಿಷ ಎಂದು ಹೆಸರು. ಮಕ್ಕಳು ಸಾಲಾಗಿ ಪ್ರಯೋಗದ ಕೊಠಡಿಗೆ ಹೋಗಿ ಕೂರಲು ಐದು ನಿಮಿಷ, ಸಾಮಾನು ಹಂಚಲು ಐದಾರು, ಕೊನೆಗೆ ತೊಳೆದು ಒರೆಸಿಡಲು ಇನ್ನೆಂಟು. ನಡುವೆ ಉಳಿಯುವ ಇಪ್ಪತ್ತು ನಿಮಿಷದಲ್ಲಿ ನೀರು ಕಾಯುವುದಿಲ್ಲ, ಎಲೆ ಬಣ್ಣ ಬಿಡುವುದಿಲ್ಲ, ಪ್ರಶ್ನೆಯಂತೂ ಹುಟ್ಟುವುದೇ ಇಲ್ಲ. ವಾರಕ್ಕೊಮ್ಮೆ ಎರಡು ಪೀರಿಯಡ್ಡುಗಳನ್ನು ಒಟ್ಟಿಗೆ ಜೋಡಿಸಿ ವಿಜ್ಞಾನಕ್ಕೆ ಕೊಟ್ಟರೆ ಎಂಬತ್ತು ನಿಮಿಷ ಸಿಗುತ್ತದೆ. ಕೇಳಿದವರಲ್ಲಿ ಇದನ್ನು ಮಾಡಿದ್ದವರು ಇಬ್ಬರೇ. ಉಳಿದವರು 'ಮಾಡಬಹುದು' ಎಂದರು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದರು.

ಅವರ ಸುಮ್ಮನಿರುವಿಕೆಗೂ ಕಾರಣವಿದೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಶಿಕ್ಷಕರನ್ನು ಬೋಧನೆಯಲ್ಲದ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವಿಷ್ಟಕ್ಕೆ ವಿನಾಯಿತಿ. ವಾಸ್ತವದಲ್ಲಿ ಶಾಲೆಯ ವರ್ಷ ಹೇಗೆ ಹರಿದು ಹಂಚಿಹೋಗುತ್ತದೆ ಎಂಬುದು ಮುಖ್ಯ ಶಿಕ್ಷಕರಿಗೆ ಮಾತ್ರ ಗೊತ್ತು. 2025ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಜ್ಯದ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಮನೆಮನೆಗೆ ಹೋದರು, ಅದಕ್ಕಾಗಿ ದಸರಾ ರಜೆಯನ್ನೂ ವಿಸ್ತರಿಸಲಾಯಿತು. ಇಂಥವಲ್ಲದೆ ದಿನದಿನದ ಸಣ್ಣ ಕೆಲಸಗಳಿವೆ. ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಮಕ್ಕಳ ಮಾಹಿತಿ ತುಂಬಬೇಕು, ವಿದ್ಯಾರ್ಥಿವೇತನದ ಅರ್ಜಿಗೆ ಬ್ಯಾಂಕ್ ಖಾತೆ ಜೋಡಿಸಬೇಕು, ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು ಎಂದು ಲೆಕ್ಕ ಕಳಿಸಬೇಕು. ಕಂಪ್ಯೂಟರ್ ಬಲ್ಲವರೆಂದು ಈ ಕೆಲಸ ಹೆಚ್ಚಾಗಿ ಬೀಳುವುದು ವಿಜ್ಞಾನ ಅಥವಾ ಗಣಿತದ ಶಿಕ್ಷಕರ ಮೇಲೆ. 'ಪಾಠ ಮಾಡ್ತಿದ್ದ ಮೇಷ್ಟ್ರನ್ನ ದಿನಕ್ಕೆ ಎರಡು ಸಲ ಆಫೀಸಿಗೆ ಕರೆಸ್ತೀನಿ. ಕರೆಸೋ ಪ್ರತಿ ಸಲವೂ ತಪ್ಪು ಮಾಡ್ತಿದೀನಿ ಅಂತ ಗೊತ್ತಾಗುತ್ತೆ' ಎಂದು ಒಬ್ಬರು ಹೇಳಿದಾಗ ಅವರ ದನಿ ಸಣ್ಣದಾಗಿತ್ತು. ವಿಜ್ಞಾನ ಶಿಕ್ಷಕರನ್ನು ಬೆಳಗಿನ ಮೊದಲ ಮೂರು ಪೀರಿಯಡ್ಡು ಯಾವ ಕಾರಣಕ್ಕೂ ಕರೆಯುವುದಿಲ್ಲ ಎಂದು ತೀರ್ಮಾನಿಸಿದ ಒಂದು ಶಾಲೆಯಿದೆ. ಮೇಲಿನ ಕಚೇರಿಯಿಂದ ಫೋನು ಬಂದರೆ ಮುಖ್ಯ ಶಿಕ್ಷಕಿಯೇ ಕಂಪ್ಯೂಟರ್ ಮುಂದೆ ಕೂರುತ್ತಾರೆ.

ಆ ಶಾಲೆಗೇ ನಾನು ಹೋದದ್ದು ಆಗಸ್ಟ್‌ನಲ್ಲಿ. ತುಮಕೂರು ಜಿಲ್ಲೆಯ ಉತ್ತರದ ಕಡೆ, ಹುಣಸೆಮರಗಳ ಸಾಲಿನ ಪಕ್ಕದ ಸರ್ಕಾರಿ ಪ್ರೌಢಶಾಲೆ. ಮುಖ್ಯ ಶಿಕ್ಷಕಿ ಮೊದಲು ಜೀವವಿಜ್ಞಾನ ಕಲಿಸುತ್ತಿದ್ದವರು, ಬಡ್ತಿ ಬಂದು ನಾಲ್ಕು ವರ್ಷ. ಹತ್ತನೇ ತರಗತಿಯಲ್ಲಿ ದ್ಯುತಿಸಂಶ್ಲೇಷಣೆಯ ಪಾಠ ನಡೆಯುತ್ತಿತ್ತು. ಹಸಿರು ಎಲೆಯ ಪತ್ರಹರಿತ್ತು ಬಿಸಿಲನ್ನು ಹಿಡಿದು ಆಹಾರ ತಯಾರಿಸುತ್ತದೆ ಎಂದು ಶಿಕ್ಷಕಿ ಹೇಳಿ ಮುಗಿಸುವಷ್ಟರಲ್ಲಿ ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು. 'ಮಿಸ್, ನಮ್ಮ ಹಿತ್ತಲಲ್ಲಿ ಕೆಂಪು ದಂಟಿನ ಸೊಪ್ಪು ಐತೆ. ಅದ್ರಾಗೆ ಹಸಿರೇ ಇಲ್ಲ. ಅದು ಏನು ತಿಂದು ಬೆಳೀತೈತೆ?'

ಶಿಕ್ಷಕಿ ಒಂದು ಕ್ಷಣ ತಡೆದರು. ಬಾಗಿಲ ಬಳಿ ನನ್ನೊಂದಿಗೆ ನಿಂತಿದ್ದ ಮುಖ್ಯ ಶಿಕ್ಷಕಿಯನ್ನು ನೋಡಿದರು. ಮುಖ್ಯ ಶಿಕ್ಷಕಿ, 'ನೋಡೋಣ ಇರಮ್ಮ. ಅಡುಗೆಮನೆಯಲ್ಲಿ ಬಿಸಿನೀರು ಇರುತ್ತೆ' ಎಂದರು. ಬಿಸಿಯೂಟದ ಅಡುಗೆಯವರು ಅಕ್ಕಿಗೆಂದು ಕಾಯಿಸಿದ್ದ ನೀರಿನಲ್ಲಿ ಒಂದು ಸ್ಟೀಲ್ ಪಾತ್ರೆ ತುಂಬಿಸಿ ಕೊಟ್ಟರು. ಹುಡುಗನೊಬ್ಬ ಶಾಲೆಯ ಕೈತೋಟದಿಂದಲೇ ನಾಲ್ಕು ಕೆಂಪು ದಂಟಿನ ಎಲೆ ಕಿತ್ತು ತಂದ. ಎಲೆಗಳನ್ನು ಬಿಸಿನೀರಿಗೆ ಹಾಕಿ ತಟ್ಟೆ ಮುಚ್ಚಿದರು. ಐದಾರು ನಿಮಿಷ ಯಾರೂ ಕುಳಿತುಕೊಳ್ಳಲಿಲ್ಲ. ತಟ್ಟೆ ತೆಗೆದಾಗ ನೀರು ಕುಂಕುಮ ಕದಡಿದ ಹಾಗಾಗಿತ್ತು. ಚಮಚದಿಂದ ಎಲೆಯೊಂದನ್ನು ಎತ್ತಿ ಬಿಳಿಯ ತಟ್ಟೆಯ ಮೇಲೆ ಹರಡಿದರು. ಅಂಚಿನಲ್ಲಿ ಇನ್ನೂ ಸ್ವಲ್ಪ ಕೆಂಪು ಉಳಿದಿತ್ತು. ಉಳಿದದ್ದೆಲ್ಲ ಹಸಿರು.

ಹಿಂದಿನ ಬೆಂಚಿನವರು ಬೆಂಚು ಹತ್ತಿ ನೋಡಿದರು. ಆ ಹುಡುಗಿ ಎಲೆಯನ್ನು ಬೆರಳಲ್ಲಿ ತಿರುವಿ ಎರಡೂ ಮಗ್ಗುಲು ನೋಡಿ, 'ಒಳಗೇ ಇತ್ತಾ!' ಎಂದಳು. ನನ್ನ ಅಷ್ಟು ವರ್ಷದ ಸೇವೆಯಲ್ಲಿ ದ್ಯುತಿಸಂಶ್ಲೇಷಣೆಯ ಪಾಠ ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಅಂಥ ಉದ್ಗಾರ ನನಗೆ ಕೇಳಿಸಿದ್ದು ಬಹಳ ಕಡಿಮೆ.

ನಡೆದದ್ದು ಇಷ್ಟು. ಕೆಂಪು ದಂಟಿನಲ್ಲಿರುವ ಕೆಂಪು ಬಣ್ಣ ನೀರಿನಲ್ಲಿ ಕರಗುವಂಥದು. ಬಿಸಿಗೆ ಎಲೆಯ ಕೋಶಗಳು ಸಡಿಲವಾದಾಗ ಅದು ಹೊರಗೆ ಹರಿದುಬಿಡುತ್ತದೆ. ಪತ್ರಹರಿತ್ತು ನೀರಿನಲ್ಲಿ ಕರಗುವುದಿಲ್ಲ, ಅದಕ್ಕೆ ಸ್ಪಿರಿಟ್ ಬೇಕು. ಹಾಗಾಗಿ ಕೆಂಪು ಹೋಗುತ್ತದೆ, ಅದರ ಮರೆಯಲ್ಲಿದ್ದ ಹಸಿರು ಉಳಿಯುತ್ತದೆ. ಕರಾವಳಿಯವರು ಹರಿವೆ ಎಂದು ಕರೆಯುವ ಈ ಸೊಪ್ಪನ್ನು ಬೇಯಿಸಿದ ಪ್ರತಿಯೊಬ್ಬ ಗೃಹಿಣಿಯೂ ಈ ಕೆಂಪು ನೀರನ್ನು ನೋಡಿದ್ದಾಳೆ. ಅದು ಪಾಠಪುಸ್ತಕದೊಳಗಿನ ಸಂಗತಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಇಲ್ಲಿ ಕನ್ನಡ ಮಾಧ್ಯಮದ ಪದಗಳ ಬಗ್ಗೆ ಒಂದು ಮಾತು. ದ್ಯುತಿಸಂಶ್ಲೇಷಣೆ, ಪತ್ರರಂಧ್ರ, ನಿಮ್ನ ದರ್ಪಣ — ಈ ಪದಗಳೇ ಮಕ್ಕಳನ್ನು ವಿಜ್ಞಾನದಿಂದ ದೂರ ಓಡಿಸುತ್ತಿವೆ ಎಂದು ಹಲವು ಮುಖ್ಯ ಶಿಕ್ಷಕರು ಹೇಳಿದರು. ನನಗೆ ಹಾಗನ್ನಿಸುವುದಿಲ್ಲ. ಒಳಗಿನ ಹಸಿರನ್ನು ಕಂಡ ಆ ಹುಡುಗಿಗೆ ಪತ್ರಹರಿತ್ತು ಎಂಬ ಮಾತು ಅಂದಿನಿಂದ ತನ್ನ ಹಿತ್ತಲಿನ ಸೊಪ್ಪಿನ ಒಳಗೆ ಕೂತ ಬಣ್ಣದ ಹೆಸರು. ನೋಡುವ ಮೊದಲೇ ಹೆಸರನ್ನು ಬಾಯಿಪಾಠ ಮಾಡಿಸಿದರೆ ಇಂಗ್ಲಿಷಿನ ಕ್ಲೋರೋಫಿಲ್ಲೂ ಅಷ್ಟೇ ಭಾರ. ಶಿವರಾಮ ಕಾರಂತರು 'ಬಾಲ ಪ್ರಪಂಚ', 'ವಿಜ್ಞಾನ ಪ್ರಪಂಚ'ಗಳನ್ನು ಬರೆದ ಭಾಷೆ ನಮ್ಮದು. ಭಾಷೆ ಸಾಲದು ಎಂಬ ನೆಪ ನಮಗೆ ಒಪ್ಪುವುದಿಲ್ಲ.

ಆ ಪಾತ್ರೆ, ತಟ್ಟೆ, ಚಮಚ ಯಾವುದೂ ದಾಸ್ತಾನು ವಹಿಯಲ್ಲಿ ಇರಲಿಲ್ಲ ಎಂಬುದನ್ನು ಗಮನಿಸಿ. ಮಾತು ಹಾಗೇ ಭಯದ ಕಡೆಗೆ ತಿರುಗಿತು. ಮುಖ್ಯ ಶಿಕ್ಷಕರು ಶಾಲೆಯ ಪ್ರತಿ ವಸ್ತುವಿಗೂ ಸಹಿ ಹಾಕಿ ಜವಾಬ್ದಾರರಾಗಿರುತ್ತಾರೆ. ಆಡಿಟ್‌ನವರು ಬಂದು ಹನ್ನೆರಡು ಬೀಕರಿನ ಬದಲು ಒಂಬತ್ತು ಕಂಡರೆ ಉತ್ತರ ಹೇಳಬೇಕಾದವರು ಅವರು. ನಿವೃತ್ತಿಯ ಹೊತ್ತಿಗೆ ಬಾಕಿಯಿಲ್ಲವೆಂಬ ಪ್ರಮಾಣಪತ್ರಕ್ಕೆ ಇದು ತೊಡಕಾದೀತೆಂಬ ಅಂಜಿಕೆ ಐವತ್ತೈದು ದಾಟಿದ ಎಲ್ಲರಲ್ಲೂ ಇದೆ, ನನ್ನಲ್ಲೂ ಇತ್ತು. ಬೀಗ ಹಾಕಿಸಿದ್ದು ಅದೇ. ಅದರ ಜೊತೆ ಇನ್ನೊಂದು ಭಯವಿದೆ, ಅದು ಹೆಚ್ಚು ನ್ಯಾಯವಾದದ್ದು: ಮಗುವಿನ ಕೈ ಸುಟ್ಟರೆ, ಕಣ್ಣಿಗೆ ಆಮ್ಲ ಸಿಡಿದರೆ ಏನು ಗತಿ? ಎಲೆಯನ್ನು ಸ್ಪಿರಿಟ್‌ನಲ್ಲಿ ಕುದಿಸುವ ಪ್ರಯೋಗವನ್ನು ನೇರ ಉರಿಯ ಮೇಲೆ ಮಾಡಿದರೆ ಸ್ಪಿರಿಟ್ ಹೊತ್ತಿಕೊಳ್ಳುತ್ತದೆ. ಒಲೆ ಆರಿಸಿ, ಬಿಸಿನೀರಿನ ಪಾತ್ರೆಯೊಳಗೆ ಸ್ಪಿರಿಟ್‌ನ ಪ್ರನಾಳ ಇಳಿಬಿಟ್ಟರೆ ಸಾಕು, ಅದು ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಇಂಥ ಕುಶಲತೆ ಬರುವುದು ಮಾಡಿ ಮಾಡಿ. ಮಾಡಲು ಬಿಡದಿದ್ದರೆ ಶಿಕ್ಷಕರು ಎಂದಿಗೂ ಕಲಿಯುವುದಿಲ್ಲ, ಕಲಿಯದವರ ಕೈಯಲ್ಲಿ ಪ್ರಯೋಗ ನಿಜಕ್ಕೂ ಅಪಾಯ. ಭಯ ತನ್ನನ್ನು ತಾನೇ ಬೆಳೆಸಿಕೊಳ್ಳುವುದು ಹೀಗೆ.

ನಾನು ಮುಖ್ಯ ಶಿಕ್ಷಕನಾಗಿ ಮೂರನೆಯ ವರ್ಷ ಒಬ್ಬ ಹಿರಿಯ ಗುಮಾಸ್ತರು ದಾಸ್ತಾನು ವಹಿ ತೆರೆದು ಷರಾ ಕಾಲಂ ತೋರಿಸಿದರು. 'ಸಾರ್, ಇದು ಇರೋದು ಯಾತಕ್ಕೆ? ಒಡೆದದ್ದನ್ನ ಒಡೆದಿದೆ ಅಂತ ದಿನಾಂಕ ಹಾಕಿ ಬರೆಯೋದಕ್ಕೆ. ಗಾಜು ಒಡೆಯುತ್ತೆ ಅಂತ ಎಲ್ಲರಿಗೂ ಗೊತ್ತು.' ಆ ಸಂಜೆಯೇ ಕೀಲಿಕೈಯನ್ನು ಡ್ರಾಯರಿನಿಂದ ತೆಗೆದು ಸ್ಟಾಫ್ ರೂಮಿನ ಗೋಡೆಯ ಮೊಳೆಗೆ ನೇತುಹಾಕಿದೆ. ಆ ವರ್ಷ ಏಳು ಪ್ರನಾಳ, ಒಂದು ಬೀಕರು ಒಡೆದವು. ಎಂಟು ಸಾಲು ಷರಾ ಬರೆದೆ. ಯಾರೂ ಏನೂ ಕೇಳಲಿಲ್ಲ.

ಇನ್ನು ಎಸ್ಸೆಸ್ಸೆಲ್ಸಿ. ಈ ಮಾತು ಬಂದಾಗ ಎಲ್ಲರ ಕುರ್ಚಿಯೂ ಕಿರುಗುಟ್ಟಿತು. ಮುಖ್ಯ ಶಿಕ್ಷಕರ ಸಾಮರ್ಥ್ಯವನ್ನು ನಾವು ಅಳೆಯುವುದು ಶೇಕಡಾವಾರು ಫಲಿತಾಂಶದಿಂದ. ಫಲಿತಾಂಶ ಇಳಿದರೆ ನೋಟಿಸು, ಏರಿದರೆ ಶಾಲು. ಹಾಗಾಗಿ ಡಿಸೆಂಬರ್ ಬಂತೆಂದರೆ ಬೆಳಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ಕೈಯಲ್ಲಿ 'ಪಾಸಿಂಗ್ ಪ್ಯಾಕೇಜ್'. ಹೃದಯದ ಚಿತ್ರ, ಮೆದುಳಿನ ಚಿತ್ರ, ಕಣ್ಣಿನ ಚಿತ್ರಗಳನ್ನು ಮಕ್ಕಳು ರಂಗೋಲಿಯಂತೆ ಕೈ ಕೂರುವ ತನಕ ಬರೆಯುತ್ತಾರೆ. ಚಿತ್ರಕ್ಕೆ ಅಂಕವಿದೆ. ಹಿಂದುಳಿದ ಮಗು ಇದರಿಂದ ಪಾಸಾಗಿ ಪಿಯುಸಿಯೋ ಐಟಿಐಯೋ ಸೇರಿದರೆ ಅದೂ ಒಂದು ಬದುಕು. ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ನನ್ನ ತಕರಾರು ಇರುವುದು ಆಂತರಿಕ ಮೌಲ್ಯಮಾಪನದ 20 ಅಂಕಗಳ ಬಗ್ಗೆ. ಲಿಖಿತ ಪರೀಕ್ಷೆ 80 ಅಂಕಕ್ಕೆ, ಉಳಿದ 20 ಶಾಲೆಯ ಕೈಯಲ್ಲಿ. ಮಕ್ಕಳು ತಾವೇ ಮಾಡಿ, ನೋಡಿ, ಅಳೆದು, ಬರೆಯಲೆಂದು ಇರುವ ಅವಕಾಶವದು. ಬಹುಪಾಲು ಕಡೆ ಅದು ಅಂಗಡಿಯಲ್ಲಿ ಕೊಂಡ ಥರ್ಮೋಕೋಲ್ ಮಾದರಿಗೆ, ಇಂಟರ್‌ನೆಟ್‌ನಿಂದ ಪ್ರಿಂಟ್ ತೆಗೆಸಿದ ಹಾಳೆಗೆ ಹೋಗುತ್ತಿದೆ. ಇದನ್ನು ಯಾವ ಸುತ್ತೋಲೆಯೂ ಹೇಳಿಲ್ಲ. ಮುಖ್ಯ ಶಿಕ್ಷಕರು ಬೇಡವೆಂದರೆ ನಾಳೆಯೇ ನಿಲ್ಲುತ್ತದೆ.

ಪರೀಕ್ಷೆಯೇ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ಉದಾಹರಣೆಯಿತ್ತು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ, ಈಗ ಅದಕ್ಕೆ ನರ್ಮದಾಪುರಂ ಎನ್ನುತ್ತಾರೆ, 1972ರಲ್ಲಿ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ ಒಂದು ವಿಜ್ಞಾನ ಕಾರ್ಯಕ್ರಮ ಶುರುವಾಯಿತು. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸೇರಿ ಆರಂಭಿಸಿದ್ದನ್ನು 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಮುಂದುವರಿಸಿತು. ಅಲ್ಲಿ ಮಕ್ಕಳು ಗುಂಪುಗಳಲ್ಲಿ ಕುಳಿತು ಪ್ರಯೋಗ ಮಾಡಿ ತಾವೇ ತೀರ್ಮಾನಕ್ಕೆ ಬರುತ್ತಿದ್ದರು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದಿತ್ತು, ಪ್ರಯೋಗದ ಪರೀಕ್ಷೆಯೂ ಇತ್ತು. ಬಾಯಿಪಾಠಕ್ಕೆ ಬೆಲೆಯಿಲ್ಲದ ಮೇಲೆ ಬಾಯಿಪಾಠ ಮಾಡಿಸುವವರೂ ಉಳಿಯಲಿಲ್ಲ. ನನಗೆ ಅದರಲ್ಲಿ ಹೆಚ್ಚು ಮೆಚ್ಚುಗೆಯಾದದ್ದು ಶಿಕ್ಷಕರ ಮಾಸಿಕ ಸಭೆ. ಸುತ್ತಲಿನ ಶಾಲೆಯವರು ಒಂದೆಡೆ ಸೇರಿ ಯಾವ ಪ್ರಯೋಗ ಕೈಕೊಟ್ಟಿತು, ಮಕ್ಕಳು ಏನು ಕೇಳಿದರು ಎಂದು ಮಾತಾಡುತ್ತಿದ್ದರು. ಮೂವತ್ತು ವರ್ಷ ನಡೆದ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು. ಅಂಥ ಮಾಸಿಕ ಸಭೆಗೆ ನಮ್ಮಲ್ಲಿ ಯಾವ ಅಡ್ಡಿಯೂ ಇಲ್ಲ. ಎಂಟು ಹತ್ತು ಕಿಲೋಮೀಟರ್ ಆಸುಪಾಸಿನ ನಾಲ್ಕು ಹೈಸ್ಕೂಲುಗಳ ಮುಖ್ಯ ಶಿಕ್ಷಕರು ಒಪ್ಪಿ, ತಿಂಗಳಿಗೊಂದು ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ವಿಜ್ಞಾನ ಶಿಕ್ಷಕರನ್ನು ಒಂದು ಕಡೆ ಕೂರಿಸಿದರೆ ಆಯಿತು. ಅಮ್ಮೀಟರ್ ಜೋಡಿಸಲು ಹೆದರುವವರು ಅಲ್ಲಿ ಒಬ್ಬರಿಂದೊಬ್ಬರು ನಾಚಿಕೆಯಿಲ್ಲದೆ ಕಲಿಯುತ್ತಾರೆ. ತರಬೇತಿಯ ಸಭಾಂಗಣದಲ್ಲಿ ಯಾರೂ 'ನನಗೆ ಇದು ಬರುವುದಿಲ್ಲ' ಎನ್ನುವುದಿಲ್ಲ.

ಸಂಸ್ಥೆಯ ಮುಖ್ಯಸ್ಥರು ಹೇಗಿದ್ದರೆ ವಿಜ್ಞಾನ ಬೆಳೆಯುತ್ತದೆ ಎಂದು ಯೋಚಿಸುವಾಗ ನನಗೆ ಎಚ್. ನರಸಿಂಹಯ್ಯನವರು ನೆನಪಾಗದೆ ಇರುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ, ಓದಲೆಂದು ಬೆಂಗಳೂರಿಗೆ ನಡೆದೇ ಬಂದವರು. ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಪಾಠ ಮಾಡಿದರು, ಅಲ್ಲೇ ಪ್ರಾಂಶುಪಾಲರಾದರು, ಬದುಕಿನ ಬಹುಭಾಗ ಅಲ್ಲಿನ ಹಾಸ್ಟೆಲಿನ ಕೊಠಡಿಯಲ್ಲೇ ಕಳೆದರು. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆ ವಾರವಾರವೂ ಜನಸಾಮಾನ್ಯರಿಗೆ ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸಿತು. ಅದಕ್ಕೆ ಪ್ರವೇಶ ಶುಲ್ಕವಿರಲಿಲ್ಲ, ಅಂಕಗಳಂತೂ ಇಲ್ಲವೇ ಇಲ್ಲ. ಕೇಳುವ ಮನಸ್ಸಿದ್ದವರು ಬಂದು ಕೂರಬಹುದಿತ್ತು, ಏಳುವಾಗ ಪ್ರಶ್ನೆ ಕೇಳಬಹುದಿತ್ತು. ಕುಲಪತಿಯಾದ ಮೇಲೂ ಅವರು ಪ್ರಶ್ನಿಸುವುದನ್ನು ಬಿಡಲಿಲ್ಲ. ಪವಾಡಗಳನ್ನು ಪರೀಕ್ಷಿಸಲು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಿತಿ ರಚಿಸಿ ಎದುರಾದ ವಿರೋಧವನ್ನೆಲ್ಲ ಎದುರಿಸಿದರು. ಮೇಲೆ ಕುಳಿತವರಿಗೆ ಪ್ರಶ್ನೆ ಇಷ್ಟವಾದರೆ ಕೆಳಗಿನ ತರಗತಿಯಲ್ಲಿ ಪ್ರಶ್ನೆಗೆ ಧೈರ್ಯ ಬರುತ್ತದೆ. 'ನೋಡೋಣ ಇರಮ್ಮ' ಎಂದ ಆ ಮುಖ್ಯ ಶಿಕ್ಷಕಿಯಲ್ಲಿ ನನಗೆ ಆ ಪರಂಪರೆಯ ಒಂದು ಎಳೆ ಕಂಡಿತು.

ಸ್ಮಾರ್ಟ್ ಕ್ಲಾಸು, ಟಿಂಕರಿಂಗ್ ಲ್ಯಾಬುಗಳ ಬಗ್ಗೆ ಕೇಳಿದವರಿಗೆ: ಅವು ಬೇಡ ಎನ್ನುವುದಿಲ್ಲ. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ನೆರವು ಸಿಗುತ್ತದೆ, ದೊಡ್ಡ ಮಾತೇ. ಆದರೆ ಬೀರುವಿನ ಬೀಗ ತೆಗೆಯದ ಶಾಲೆಗೆ ಇಪ್ಪತ್ತು ಲಕ್ಷದ ಸಾಮಾನು ಬಂದರೆ ಬೀಗವೂ ದೊಡ್ಡದಾಗುತ್ತದೆ, ಅದನ್ನು ಕಂಡಿದ್ದೇನೆ. ಖರ್ಚಿಲ್ಲದ್ದನ್ನು ಮೊದಲು ಮಾಡೋಣ. ವರ್ಷಕ್ಕೆರಡು ಸಲ ಬೆಂಗಳೂರಿನಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ನಿಂತು ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಏಪ್ರಿಲ್ 24ರ ಸುಮಾರಿನದು ಬೇಸಿಗೆ ರಜೆಯಲ್ಲಿ ಹೋಗಿಬಿಡುತ್ತದೆ. ಆಗಸ್ಟ್ 18ರ ಸುಮಾರಿನದು ಶಾಲೆಯ ದಿನವೇ, ಮೋಡ ದಾರಿ ಬಿಡಬೇಕು ಅಷ್ಟೇ. ಉತ್ತರಕ್ಕೆ ಹೋದ ಹಾಗೆ ಆ ದಿನಾಂಕಗಳು ಬದಲಾಗುತ್ತವೆ, ಬೀದರಿಗೂ ಚಾಮರಾಜನಗರಕ್ಕೂ ಒಂದೇ ದಿನ ಬರುವುದಿಲ್ಲ. ಭೂಮಿ ದುಂಡಗಿದೆ, ಓರೆಯಾಗಿದೆ ಎಂಬುದನ್ನು ಧ್ವಜಕಂಬ ಒಂದೇ ಹೇಳಿಕೊಡುತ್ತದೆ. ಅಂದು ಊಟದ ಗಂಟೆಯನ್ನು ಹತ್ತು ನಿಮಿಷ ಹಿಂದೆ ಮುಂದೆ ಮಾಡಿ ಇಡೀ ಶಾಲೆಯನ್ನು ಅಂಗಳಕ್ಕೆ ಕಳಿಸುವ ಕೆಲಸವನ್ನು ಮುಖ್ಯ ಶಿಕ್ಷಕರಲ್ಲದೆ ಬೇರೆ ಯಾರೂ ಮಾಡಲಾರರು.

ಈಗ ಪತ್ರ ಬರೆದ ಆ ತಂದೆಗೆ. ನೀವು ಎಚ್‌.ಎಂ. ಹತ್ತಿರ ಹೋದಾಗ 'ಲ್ಯಾಬ್ ಯಾಕೆ ತೆರೆಯಲ್ಲ' ಎಂದು ಕೇಳಬೇಡಿ, ಅದಕ್ಕೆ ಅವರ ಹತ್ತಿರ ಹತ್ತು ಉತ್ತರಗಳಿವೆ, ಹತ್ತೂ ನಿಜ. 'ವಾರಕ್ಕೊಂದು ಸಲ ಎರಡು ಪೀರಿಯಡ್ಡು ಒಟ್ಟಿಗೆ ಕೊಡಲು ಆಗುತ್ತದೆಯೇ ಸಾರ್' ಎಂದು ಕೇಳಿ. ಗಾಜು ಒಡೆದರೆ ನಮ್ಮ ಕಡೆಯಿಂದ ತಕರಾರಿಲ್ಲ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಂದು ನಡಾವಳಿ ಬರೆಸಿ, ನಾಲ್ಕು ಜನ ಪೋಷಕರು ಸಹಿ ಹಾಕಿ. ಆ ಒಂದು ಹಾಳೆ ಮುಖ್ಯ ಶಿಕ್ಷಕರಿಗೆ ಎಷ್ಟು ಬಲ ಕೊಡುತ್ತದೆ ಎಂಬುದು ನಿಮಗೆ ಗೊತ್ತಿಲ್ಲ, ನನಗೆ ಗೊತ್ತಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಎರಡು ಅಂಕಿ ಇಳಿದ ವರ್ಷವೂ ಅವರ ಜೊತೆ ನಿಲ್ಲಿ.

ತುಮಕೂರಿನ ಆ ಶಾಲೆಯಿಂದ ಹೊರಡುವಾಗ ಊಟದ ಬೆಲ್ ಹೊಡೆದಿತ್ತು. ಮುಖ್ಯ ಶಿಕ್ಷಕಿ ನನ್ನನ್ನು ಗೇಟಿನವರೆಗೆ ಬಿಡಲು ಬಂದರು. ದಾರಿಯಲ್ಲಿ ಅದೇ ಹುಡುಗಿ ತಟ್ಟೆ ಹಿಡಿದು ಅಡ್ಡ ನಿಂತಳು. ಕಾಂಪೌಂಡಿನ ಮಾವಿನ ಮರದಲ್ಲಿ ಮಳೆಗೆ ಹೊಸ ಚಿಗುರು ಬಂದಿತ್ತು, ತಾಮ್ರದ ಬಣ್ಣದ್ದು. 'ಮೇಡಂ, ಅದನ್ನೂ ಬಿಸಿನೀರಿಗೆ ಹಾಕಿದ್ರೆ ಒಳಗೆ ಹಸಿರು ಇರ್ತೈತಾ, ಇಲ್ಲ ಆಮೇಲೆ ಬರ್ತೈತಾ?' ಮುಖ್ಯ ಶಿಕ್ಷಕಿ ಕೊಂಬೆಯನ್ನು ನೋಡಿದರು, ನನ್ನನ್ನು ನೋಡಿದರು. 'ಊಟ ಮಾಡ್ಕೊಂಡು ಬಾ' ಎಂದರು. 'ಎಳೇದು ನಾಲ್ಕು, ಬಲಿತದ್ದು ನಾಲ್ಕು ಕಿತ್ಕೊಂಡು ಬಾ. ಅಡುಗೆಯಮ್ಮನಿಗೆ ಒಲೆ ಆರಿಸಬೇಡಿ ಅಂತ ಹೇಳು.'